ಡಿಗ್ರಿ ಅಳೆಯುವ ಕೊಳಗ ಯಾರದು?



ಪಿ.ಯು.ಸಿ. ರಿಸಲ್ಟು ಬಂತು ಅಂದ್ರೆ ಹಾಸ್ಟೆಲುಗಳಲ್ಲಿ ಹದಿನೈದು ದಿನ ಬೇರೆ ಮಾತೇ ಇರೋದಿಲ್ಲ. ಮುಂದೆ ಏನು ಓದೋದು? ತಟ್ಟೆ ಹಿಡಿದು ಊಟಕ್ಕೆ ಸಾಲು ನಿಂತಾಗಲೂ ಅದೇ, ನಲ್ಲಿ ಮುಂದೆ ಬಟ್ಟೆ ಒಗೆಯುವಾಗಲೂ ಅದೇ. ಈ ಮಾತಿನ ನಡುವೆ ಒಂದು ವಿಚಿತ್ರ ನೋಡಿದ್ದೇನೆ. ಮನುಧರ್ಮ ಸುಡಬೇಕು ಅಂತ ಘೋಷಣೆ ಕೂಗಿ ಗಂಟಲು ಹರಿದುಕೊಂಡ ನಮ್ಮ ಹುಡುಗರೇ ಡಿಗ್ರಿಗಳ ವಿಷಯ ಬಂದಾಗ ಸಲೀಸಾಗಿ ವರ್ಣಾಶ್ರಮ ಕಟ್ಟಿಬಿಡುತ್ತಾರೆ. ಮೆಡಿಕಲ್ಲು, ಇಂಜಿನಿಯರಿಂಗು ತಲೆಯಿಂದ ಹುಟ್ಟಿದ್ದು. ಬಿ.ಎಸ್ಸಿ. ತೋಳಿನಿಂದ. ಬಿ.ಕಾಂ. ತೊಡೆಯಿಂದ. ಬಿ.ಎ. ಪಾದದಿಂದ. ಇನ್ನು ಕನ್ನಡ ಎಂ.ಎ. ಅಂದ್ರೆ ಅದು ಊರೊಳಗೇ ಇಲ್ಲ, ಊರಾಚೆ ಕೇರಿ!

ಈ ಪಟ್ಟಿಯನ್ನು ನಮಗೆ ಕೊಟ್ಟವರು ಯಾರು? ಸೀಟು ಕೊಡಿಸುವ ಏಜೆಂಟು, ಪಟ್ಟಣದಲ್ಲಿ ಬ್ಯಾಂಕ್ ಕೆಲಸದಲ್ಲಿರೋ ಸಂಬಂಧಿಕ, ಪೇಪರಿನಲ್ಲಿ ಬರೋ ರ್‍ಯಾಂಕಿನ ಫೋಟೋ. ಇವರೆಲ್ಲ ಒಂದು ಕಡೆ ಎಳೆಯುತ್ತಾರೆ. ಇನ್ನೊಂದು ಕಡೆ ಕಾಲೇಜಿನ ಅಡ್ಮಿಷನ್ ಕಿಟಕಿಯಲ್ಲಿ ಕೂತ ಮಹಾಶಯ ಜಾತಿ ಸರ್ಟಿಫಿಕೇಟಿನ ಮೇಲೆ ಕಣ್ಣಾಡಿಸಿ, "ನಿಂಗ್ಯಾಕಪ್ಪ ಸೈನ್ಸು? ಆರ್ಟ್ಸ್ ತಗೋ, ಪಾಸಾಗ್ತೀಯ" ಅಂತಾನೆ. ಹೊರನೋಟಕ್ಕೆ ಕರುಣೆ. ಒಂದು ದನಿ ಆರ್ಟ್ಸು ಕೀಳು ಅನ್ನುತ್ತೆ, ಇನ್ನೊಂದು ದನಿ ಆರ್ಟ್ಸೇ ನಿಂಗೆ ತಕ್ಕದ್ದು ಅನ್ನುತ್ತೆ. ಎರಡನ್ನೂ ಸೇರಿಸಿ ಓದಿಕೊಂಡರೆ ಏನರ್ಥ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ, ಎಲ್ಲಾ ಓದೂ ಒಂದೇ, ಜ್ಞಾನಕ್ಕೆ ಬೆಲೆ ಕಟ್ಟೋಕಾಗೋದಿಲ್ಲ ಅಂತ ನಾನು ಹೇಳೋನಲ್ಲ. ಅದು ಹೊಟ್ಟೆ ತುಂಬಿದವರ ಮಾತು. ಅಪ್ಪನ ಹೆಸರಿಗೆ ಹತ್ತು ಎಕರೆ ತರಿ ಇರೋನು ತತ್ವಶಾಸ್ತ್ರ ಓದಿ ವರ್ಷಗಟ್ಟಲೆ ಸುಮ್ಮನೆ ಕೂರಬಹುದು. ಕೂಲಿಯವರ ಮಗ ಕೂರೋಕಾಗೋದಿಲ್ಲ. ಡಿಗ್ರಿಗಳಲ್ಲಿ ಹೆಚ್ಚು ಕಡಿಮೆ ಇದ್ದೇ ಇದೆ. ನನ್ನ ತಕರಾರು ಅಳತೆಯ ಮೇಲೆ. ಹಳೇ ಕಾಲದ ಸಾಹುಕಾರರ ಮನೆಯಲ್ಲಿ ಎರಡು ಕೊಳಗ ಇರುತ್ತಿದ್ದವು ಅಂತ ನಮ್ಮ ಹಿರಿಯರು ಹೇಳ್ತಾರೆ. ನಮ್ಮಿಂದ ರಾಗಿ ಅಳೆದುಕೊಳ್ಳೋಕೆ ದೊಡ್ಡದು, ನಮಗೆ ಅಳೆದು ಕೊಡೋಕೆ ಚಿಕ್ಕದು. ವಿಶ್ವವಿದ್ಯಾಲಯದ ಡಿಗ್ರಿಯನ್ನೂ ಇವರು ಅದೇ ಎರಡು ಕೊಳಗದಲ್ಲಿ ಅಳೆಯುತ್ತಾ ಬಂದಿದ್ದಾರೆ.

ಮೊದಲು ಅವರು ಯಾವುದನ್ನು ಬೆಲೆಬಾಳೋದು ಅಂತ ತಿಳಿದಿದ್ದಾರೆ, ಅದು ನೋಡೋಣ. ಬಾಯಲ್ಲಿ ಏನು ಹೇಳ್ತಾರೆ ಅನ್ನೋದು ಬಿಡಿ. ಯಾವುದಕ್ಕಾಗಿ ಕೋರ್ಟು ಹತ್ತಿದರು ನೋಡಿ. ಸಂವಿಧಾನ ಜಾರಿಗೆ ಬಂದ ಮರುವರ್ಷವೇ, 1951ರಲ್ಲಿ, ಚಂಪಕಂ ದೊರೈರಾಜನ್ ಕೇಸಿನಲ್ಲಿ ಮದರಾಸು ಸರ್ಕಾರದ ಜಾತಿವಾರು ಸೀಟು ಹಂಚಿಕೆಯನ್ನು ಸುಪ್ರೀಂ ಕೋರ್ಟು ಹೊಡೆದು ಹಾಕಿತು. ಜಗಳ ಯಾವ ಸೀಟಿಗೆ? ಮೆಡಿಕಲ್ಲಿಗೆ, ಇಂಜಿನಿಯರಿಂಗಿಗೆ. ಆ ತೀರ್ಪಿನಿಂದಾಗಿಯೇ ಅದೇ ವರ್ಷ ಮೊದಲನೇ ತಿದ್ದುಪಡಿ ತಂದು 15(4)ನೇ ವಿಧಿ ಸೇರಿಸಬೇಕಾಯಿತು. ಆಮೇಲೆ ನಮ್ಮ ರಾಜ್ಯದ್ದೇ ಕೇಸು. 1962ರ ಜುಲೈನಲ್ಲಿ ಮೈಸೂರು ಸರ್ಕಾರ ಇಂಜಿನಿಯರಿಂಗ್ ಮತ್ತು ಮೆಡಿಕಲ್ ಕಾಲೇಜುಗಳಲ್ಲಿ ಶೇಕಡಾ 68 ಸೀಟು ಮೀಸಲಿಟ್ಟಿತು. ಎರಡೇ ತಿಂಗಳಲ್ಲಿ, ಸೆಪ್ಟೆಂಬರಿನಲ್ಲಿ, ಎಂ.ಆರ್. ಬಾಲಾಜಿ ಕೇಸಿನ ತೀರ್ಪು ಬಂತು, ಆದೇಶ ರದ್ದಾಯಿತು. ಮೀಸಲಾತಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚಿರಬಾರದು ಅನ್ನೋ ಮಾತು ಹುಟ್ಟಿದ್ದು ಅಲ್ಲಿ. ಬಿ.ಎ. ಇತಿಹಾಸದ ಸೀಟು ಹೋಯ್ತಲ್ಲಪ್ಪಾ ಅಂತ ಹೀಗೆ ಸಂಕಟಪಟ್ಟು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮಹಾನುಭಾವರನ್ನು ನಾನಂತೂ ಕಾಣೆ.

ಇದೇ ಜನ ಮೆರಿಟ್ಟು ಮೆರಿಟ್ಟು ಅಂತ ಎದೆ ಬಡಿದುಕೊಳ್ಳುತ್ತಿದ್ದಾಗ ನಮ್ಮ ರಾಜ್ಯದ ಖಾಸಗಿ ಕಾಲೇಜುಗಳಲ್ಲಿ ಏನು ನಡೀತಿತ್ತು? ಕ್ಯಾಪಿಟೇಷನ್! ದುಡ್ಡು ಸುರಿದವನ ಮಗನಿಗೆ ಸೀಟು. ಅದನ್ನು ತಡೆಯೋಕೆ 1984ರಲ್ಲಿ ರಾಜ್ಯ ಒಂದು ಕಾಯ್ದೆ ಮಾಡಬೇಕಾಯಿತು. ಕಾಯ್ದೆ ಬಂದ ಮೇಲೂ ನಿಲ್ಲದೆ 1992ರಲ್ಲಿ ಮೋಹಿನಿ ಜೈನ್ ಕೇಸು, 1993ರಲ್ಲಿ ಉನ್ನಿಕೃಷ್ಣನ್ ಕೇಸು ಸುಪ್ರೀಂ ಕೋರ್ಟಿನವರೆಗೂ ಹೋದವು. 1994ರಲ್ಲಿ ಸಿ.ಇ.ಟಿ. ಬಂತು. ನಮ್ಮ ಹುಡುಗ ಮೀಸಲಾತಿಯಲ್ಲಿ ಸೀಟು ತಗೊಂಡ್ರೆ ಗುಣಮಟ್ಟ ಹಾಳು, ಅವರ ಹುಡುಗ ಗಂಟು ಕೊಟ್ಟು ತಗೊಂಡ್ರೆ ಅದು ಅಪ್ಪನ ಪ್ರೀತಿ! ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡೋದು ಬೇಡ: ಸರ್ಕಾರಿ ಕಾಲೇಜಿನಲ್ಲಿ ಮೆಡಿಕಲ್ಲೋ ಇಂಜಿನಿಯರಿಂಗೋ ನರ್ಸಿಂಗೋ ಸೀಟು ಸಿಕ್ಕಿದ ಹುಡುಗ ಹುಡುಗಿ ಯಾರ ಮಾತಿಗೂ ಬೆದರಿ ಅದನ್ನು ಬಿಡಬಾರದು. ಅವರು ಅಷ್ಟು ಹೋರಾಡಿ ಉಳಿಸಿಕೊಳ್ಳಬೇಕು ಅಂದ ಸೀಟು ಅದು. ಅದರಲ್ಲಿ ಅನ್ನ ಇದೆ.

ಆದರೆ ಡಿಗ್ರಿ ಕೈಗೆ ಬಂದ ಮೇಲೆ ಎರಡನೇ ಕೊಳಗ ಹೊರಗೆ ಬರುತ್ತೆ. 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅನ್ನೋ ಇಬ್ಬರು ವಿದ್ವಾಂಸರು ಒಂದು ಅಧ್ಯಯನ ಪ್ರಕಟಿಸಿದರು. ಖಾಸಗಿ ಕಂಪನಿಗಳು ಇಂಗ್ಲಿಷ್ ಪೇಪರುಗಳಲ್ಲಿ ಕೊಟ್ಟ ಕೆಲಸದ ಜಾಹೀರಾತುಗಳಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಅರ್ಜಿ ಹಾಕಿ ನೋಡಿದರು. ಒಂದೇ ಡಿಗ್ರಿ, ಒಂದೇ ಅನುಭವ, ಬದಲಾಗಿದ್ದು ಹೆಸರು ಮಾತ್ರ. ಒಂದು ಅರ್ಜಿಯಲ್ಲಿ ಮೇಲ್ಜಾತಿ ಹಿಂದೂ ಹೆಸರು, ಇನ್ನೊಂದರಲ್ಲಿ ದಲಿತ ಹೆಸರು, ಮತ್ತೊಂದರಲ್ಲಿ ಮುಸ್ಲಿಂ ಹೆಸರು. ಮೇಲ್ಜಾತಿ ಹೆಸರಿಗೆ ಕರೆ ಬರುವ ಸಂಭವ 100 ಅಂತಿಟ್ಟುಕೊಂಡರೆ ದಲಿತ ಹೆಸರಿಗೆ ಸುಮಾರು 67, ಮುಸ್ಲಿಂ ಹೆಸರಿಗೆ ಸುಮಾರು 33. ಅರ್ಜಿ ನೋಡಿದವರಿಗೆ ಆ ಹುಡುಗ ಕಪ್ಪೋ ಬಿಳುಪೋ, ಜಾಣನೋ ದಡ್ಡನೋ ಗೊತ್ತಿಲ್ಲ. ಹೆಸರೊಂದೇ ಸಾಕಾಯಿತು. ಈಗ ಹೇಳಿ, ಯಾವ ಡಿಗ್ರಿಗೆ ಮಾರ್ಕೆಟ್ಟಿನಲ್ಲಿ ಎಷ್ಟು ಬೆಲೆ ಅಂತ ಲೆಕ್ಕ ಹಾಕಿ ಕೊಡ್ತಾರಲ್ಲ, ಅದು ಯಾರ ಕೈಯಲ್ಲಿರೋ ಡಿಗ್ರಿಯ ಬೆಲೆ?

ಬಾಬಾಸಾಹೇಬರದ್ದನ್ನೇ ತಗೊಳ್ಳಿ. 1913ರಲ್ಲಿ ಬರೋಡಾ ಮಹಾರಾಜರ ಸ್ಕಾಲರ್‌ಶಿಪ್ಪಿನಲ್ಲಿ ಅಮೆರಿಕಾದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. 1915ರಲ್ಲಿ ಎಂ.ಎ. ಆಯಿತು. ಆಮೇಲೆ ಲಂಡನ್ನು. 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಬಂದಾಗ ಅಷ್ಟು ಓದಿದವರು ಆ ಊರಿನಲ್ಲಿ ಇನ್ನೊಬ್ಬರು ಇದ್ದಿರಲಾರರು. ಇರೋಕೆ ಮನೆ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಇಳಿದುಕೊಂಡರೆ ಜಾತಿ ತಿಳಿದ ಮೇಲೆ ದೊಣ್ಣೆ ಹಿಡಿದ ಗುಂಪು ಬಂದು ಖಾಲಿ ಮಾಡಿಸಿತು. ಮರುವರ್ಷ ಬೊಂಬಾಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪ್ರೊಫೆಸರಾದರು. ಅಲ್ಲಿ ಅಧ್ಯಾಪಕರ ಕೋಣೆಯ ನೀರಿನ ಹೂಜಿ ಮುಟ್ಟಬಾರದು ಅಂತ ಸಹೋದ್ಯೋಗಿಗಳ ತಕರಾರು ಎದ್ದಿತ್ತು ಅಂತ ಅವರ ಜೀವನಚರಿತ್ರೆಯಲ್ಲಿದೆ. ಕೊಲಂಬಿಯಾದ ಡಿಗ್ರಿ ಹೂಜಿಯ ತನಕವೂ ಮುಟ್ಟಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ, ಹೈಸ್ಕೂಲಿನಲ್ಲಿ ಅವರು ಓದಬೇಕು ಅಂದುಕೊಂಡಿದ್ದು ಸಂಸ್ಕೃತ. ಮೇಷ್ಟ್ರು ಒಪ್ಪಲಿಲ್ಲ. ಪರ್ಷಿಯನ್ ತಗೋಬೇಕಾಯಿತು. ಯಾವ ವಿಷಯ ಓದಬೇಕು ಅನ್ನೋದನ್ನು ನಮ್ಮವರ ಪರವಾಗಿ ಬೇರೆಯವರು ತೀರ್ಮಾನಿಸೋದು ಇವತ್ತು ನಿನ್ನೆಯದಲ್ಲ ಕಣ್ರಪ್ಪ.

ನಮ್ಮ ಕಡೆಯ ಮೊದಲ ತಲೆಮಾರಿನ ಓದುಗರು ಈ ಪ್ರಶ್ನೆಗೆ ಯಾರನ್ನೂ ಕೇಳದೆ ತಮ್ಮದೇ ಉತ್ತರ ಕಂಡುಕೊಂಡಿದ್ದರು. ಅವರ ಪಾಲಿಗೆ ದೊಡ್ಡ ಡಿಗ್ರಿ ಅಂದ್ರೆ ಟಿ.ಸಿ.ಎಚ್. ಅದು ಡಿಗ್ರಿಯೇ ಅಲ್ಲ, ಮೇಷ್ಟ್ರ ತರಬೇತಿ. ಆದ್ರೆ ಬೇಗ ಮುಗೀತಿತ್ತು, ಸರ್ಕಾರಿ ಸ್ಕೂಲಿನಲ್ಲಿ ಕೆಲಸ ಸಿಗ್ತಿತ್ತು, ತಿಂಗಳ ಸಂಬಳ ಮನೆ ಸೇರ್ತಿತ್ತು. ಎಷ್ಟು ಕೇರಿಗಳಲ್ಲಿ ಒಬ್ಬ ಟಿ.ಸಿ.ಎಚ್. ಮೇಷ್ಟ್ರು ಇಡೀ ಮನೆಯ ತಮ್ಮಂದಿರು ತಂಗಿಯರನ್ನು ಓದಿಸಿದರು ಅಂತ ನಿಮ್ಮ ನಿಮ್ಮ ಊರಲ್ಲೇ ಎಣಿಸಿ ನೋಡಿ. ಯಾವ ರ್‍ಯಾಂಕಿನ ಪಟ್ಟಿಯಲ್ಲೂ ಆ ಓದಿನ ಹೆಸರಿಲ್ಲ. ಅದೇ ಓದು ಆಮೇಲೆ ಡಿ.ಇಡಿ. ಆಯಿತು, ಬೀದಿಗೊಂದು ಕಾಲೇಜು ಎದ್ದಿತು, ಕಲಿತು ಹೊರಬಂದವರಿಗೆ ಕೆಲಸ ಇಲ್ಲದೆ ಕಾಲೇಜುಗಳೇ ಬಾಗಿಲು ಹಾಕಿದವು. ಓದು ಅದೇ, ಬೆಲೆ ಬಿತ್ತು. ಹಾಗಾಗಿ ಇವತ್ತು ಯಾವುದು ಓಡ್ತಾ ಇದೆ ಅಂತ ಮಾತ್ರ ನೋಡಿ ಸಾಲ ಮಾಡೋನು, ನಾಲ್ಕು ವರ್ಷ ಬಿಟ್ಟು ಹೊರಗೆ ಬರ್ತೀನಲ್ಲ, ಅವತ್ತು ಏನು ಗತಿ ಅಂತಲೂ ಒಮ್ಮೆ ಯೋಚಿಸಬೇಕು.

ಈಗ ಬೂಸಾ ಪ್ರಕರಣಕ್ಕೆ ಬರ್ತೀನಿ. ಅದನ್ನು ಸಾಹಿತ್ಯದ ಜಗಳ ಅಂತಲೇ ಎಲ್ಲರೂ ಹೇಳಿಕೊಂಡು ಬಂದಿದ್ದಾರೆ. ನನ್ನ ಪ್ರಕಾರ ಅದರ ಬೇರು, ದಲಿತರ ಮಕ್ಕಳು ಏನು ಓದಬೇಕು ಅನ್ನೋ ಪ್ರಶ್ನೆಯಲ್ಲಿತ್ತು. ಬಿ. ಬಸವಲಿಂಗಪ್ಪನವರು ವಕೀಲಿ ಓದಿದವರು, ದೇವರಾಜ ಅರಸು ಸರ್ಕಾರದಲ್ಲಿ ಪೌರಾಡಳಿತ ಸಚಿವರು. ತಲೆ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸೋಕೆ ಆದೇಶ ಮಾಡಿದವರು. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಅವರು, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ, ಇಂಗ್ಲಿಷ್ ಕಲೀರಿ ಅನ್ನೋ ಅರ್ಥದ ಮಾತಾಡಿದರು. ಬೂಸಾ ಅಂದ್ರೆ ದನ ತಿನ್ನೋದು. ಅಷ್ಟಕ್ಕೇ ರಾಜ್ಯಕ್ಕೆ ಬೆಂಕಿ ಬಿತ್ತು. ದಲಿತ ವಿದ್ಯಾರ್ಥಿಗಳಿಗೆ ಹೊಡೆದರು, ಹಾಸ್ಟೆಲುಗಳಿಗೆ ನುಗ್ಗಿದರು. ಕೊನೆಗೆ ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಕನ್ನಡದ ಮಾನ ಕಾಪಾಡ್ತೀವಿ ಅಂತ ಬೀದಿಗಿಳಿದವರಲ್ಲಿ ಎಷ್ಟು ಮನೆಯ ಮಕ್ಕಳು ಇಂಗ್ಲಿಷ್ ಕಾನ್ವೆಂಟಿಗೆ ಹೋಗ್ತಿದ್ದರು ಅಂತ ಆಗ ಯಾರೂ ಲೆಕ್ಕ ತೆಗೆಯಲಿಲ್ಲ. ತಮ್ಮ ಮಕ್ಕಳಿಗೆ ಇಂಗ್ಲಿಷು, ನಮ್ಮ ಮಕ್ಕಳಿಗೆ ಕನ್ನಡಾಭಿಮಾನ!

ಬಸವಲಿಂಗಪ್ಪನವರ ಮಾತಿನ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಇಂಗ್ಲಿಷ್ ಕಲಿಯಲೇಬೇಕು. ಯಾವ ಡಿಗ್ರಿ ತಗೊಂಡರೂ ಅದು ಬೇಕು. ನಮ್ಮ ಹಾಸ್ಟೆಲುಗಳಿಂದ ಕನ್ನಡ ಮೀಡಿಯಂ ಓದಿ ಇಂಜಿನಿಯರಿಂಗಿಗೆ ಹೋದ ಜಾಣ ಹುಡುಗರು ಮೊದಲ ವರ್ಷವೇ ನಾಲ್ಕು ಐದು ಸಬ್ಜೆಕ್ಟು ಬ್ಯಾಕ್ ಉಳಿಸಿಕೊಂಡು, ಮನೆಗೂ ಹೇಳಲಾರದೆ, ಕ್ಲಾಸಿನಲ್ಲೂ ಕೂರಲಾರದೆ ಒದ್ದಾಡೋದನ್ನು ನೋಡಿದ್ದೇವೆ. ಗಣಿತ ಬರುತ್ತೆ, ಪ್ರಶ್ನೆ ಅರ್ಥವಾಗೋದಿಲ್ಲ. ಇದಕ್ಕೆ ಕಾಲೇಜಿನವರು ಕೊಡೋ ಹೆಸರು 'ಕೋಟಾದ ಹುಡುಗರು ಅಷ್ಟೇ'.

ಉಳಿದರ್ಧಕ್ಕೆ ಉತ್ತರ ಬಂದಿದ್ದು ಅವರ ಪರವಾಗಿ ನಿಂತ ಹುಡುಗರಿಂದಲೇ. ಕನ್ನಡ ಓದೋದು ಬೂಸಾ ತಿನ್ನೋದು ಅಂತ ಬಿಟ್ಟು ಹೋಗಲಿಲ್ಲ ಅವರು. ಆ ಗಲಾಟೆಯ ಕಾಲಕ್ಕೆ ವಿದ್ಯಾರ್ಥಿಯಾಗಿದ್ದ ಸಿದ್ಧಲಿಂಗಯ್ಯ ಕನ್ನಡ ಎಂ.ಎ. ಓದಿದರು. 1975ರಲ್ಲಿ 'ಹೊಲೆಮಾದಿಗರ ಹಾಡು' ಬಂತು. ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡದ ಪ್ರಾಧ್ಯಾಪಕರಾದರು. ದೇವನೂರ ಮಹಾದೇವ ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿದವರು. 'ಕುಸುಮಬಾಲೆ'ಗೆ 1990ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದಲಿತ ಸಂಘರ್ಷ ಸಮಿತಿ ಕಟ್ಟಿದ ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರು. ಊರಾಚೆಗೆ ಇಟ್ಟಿದ್ದ ಆ ಕನ್ನಡ ಎಂ.ಎ. ಇದ್ದವರು ರಾಜ್ಯದ ರಾಜಕೀಯದ ಭಾಷೆಯನ್ನೇ ತಿರುಗಿಸಿಬಿಟ್ಟರು. ಕೇರಿಯ ಮಾತು, ಬೈಗುಳ, ಹಸಿವು, ಸಿಟ್ಟು ಎಲ್ಲಾ ಪಠ್ಯಪುಸ್ತಕದೊಳಕ್ಕೆ ಬಂತು. ಈಗ ಮೇಲ್ಜಾತಿಯ ಮಕ್ಕಳು ಪರೀಕ್ಷೆಗೆ ಅದನ್ನು ಓದಿಯೇ ಬರೀಬೇಕು. ಬೂಸಾ ಅನ್ನಿಸಿಕೊಂಡದ್ದರೊಳಗೆ ನಮ್ಮವರು ಬಿತ್ತನೆ ಕಾಳು ಹಾಕಿದರು.

ಆರ್ಟ್ಸ್ ಓದು ಕೆಲಸಕ್ಕೆ ಬಾರದ್ದು ಅನ್ನೋರು ಆ ಓದಿಗೆ ಹೆದರ್ತಾರೆ ಅನ್ನೋದಕ್ಕೆ ಇತ್ತೀಚಿನ ಸಾಕ್ಷಿಯೂ ಇದೆ. ಪರಿಶಿಷ್ಟ ಜಾತಿಯ ಹುಡುಗರನ್ನು ವಿದೇಶಕ್ಕೆ ಕಳಿಸಿ ಓದಿಸೋ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ಪು 1950ರ ದಶಕದಿಂದ ನಡೆದು ಬಂದಿದೆ. 2022ರ ಫೆಬ್ರವರಿಯಲ್ಲಿ ಅದರ ನಿಯಮ ಬದಲಾಯಿಸಿದರು. ಆಗ ಅದರಲ್ಲಿ ಇದ್ದದ್ದು ಇಡೀ ದೇಶಕ್ಕೆ ವರ್ಷಕ್ಕೆ 125 ಜಾಗ. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜ ಕುರಿತ ಸಂಶೋಧನೆಗೆ ಹೋಗೋರಿಗೆ ಈ ಹಣ ಇಲ್ಲ ಅಂತ ಬರೆದರು. ಅದನ್ನು ಇಲ್ಲೇ ಓದಬಹುದಲ್ಲ, ವಿದೇಶಕ್ಕೆ ಯಾಕೆ ಅನ್ನೋದು ಅವರು ಕೊಟ್ಟ ಸಮಜಾಯಿಷಿ.

ಈ ನಿಯಮ 1913ರಲ್ಲಿ ಇದ್ದಿದ್ದರೆ ಏನಾಗ್ತಿತ್ತು? ಅಂಬೇಡ್ಕರರು ಕೊಲಂಬಿಯಾದಲ್ಲಿ ಎಂ.ಎ.ಗೆ ಬರೆದ ಪ್ರಬಂಧ ಪ್ರಾಚೀನ ಭಾರತದ ವಾಣಿಜ್ಯದ ಮೇಲೆ. 1916ರ ಮೇ ತಿಂಗಳಲ್ಲಿ ಅಲ್ಲಿನ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಓದಿದ್ದು ಭಾರತದಲ್ಲಿ ಜಾತಿ ಹೇಗೆ ಹುಟ್ಟಿತು ಅನ್ನೋದರ ಮೇಲೆ. 1923ರಲ್ಲಿ ಲಂಡನ್ನಿನಲ್ಲಿ ಡಿ.ಎಸ್ಸಿ. ಪಡೆದದ್ದು ರೂಪಾಯಿಯ ಸಮಸ್ಯೆಯ ಮೇಲೆ. ಕೊಲಂಬಿಯಾದ ಪಿಎಚ್.ಡಿ. ಬ್ರಿಟಿಷ್ ಇಂಡಿಯಾದ ಪ್ರಾಂತ್ಯಗಳ ಹಣಕಾಸಿನ ಮೇಲೆ. ಎಲ್ಲವೂ ಭಾರತದ್ದೇ ವಿಷಯ, ಒಂದೂ ಲ್ಯಾಬೊರೇಟರಿಯದಲ್ಲ. ಅವರ ಅರ್ಜಿಯನ್ನು ಕಸದ ಬುಟ್ಟಿಗೆ ಹಾಕ್ತಿದ್ದರು. ಈ ದೇಶದ ಬಗ್ಗೆ ಬರೆಯೋ ಹಕ್ಕನ್ನು ಸಾವಿರಾರು ವರ್ಷ ಒಂದೇ ಜಾತಿ ಇಟ್ಟುಕೊಂಡಿತ್ತು. ಈಗ ನಮ್ಮ ಹುಡುಗ ಕಂಪ್ಯೂಟರ್ ಓದ್ತೀನಿ ಅಂದ್ರೆ ಹಣ ಕೊಡ್ತಾರೆ, ಒಳ್ಳೇದು. ನಿಮ್ಮ ಪರಂಪರೆಯನ್ನೇ ಪರೀಕ್ಷೆ ಮಾಡ್ತೀನಿ ಅಂದ್ರೆ ಕೈ ಹಿಂದಕ್ಕೆ ಎಳೀತಾರೆ. ಬೆಲೆ ಇಲ್ಲದ ಸಾಮಾನಿಗೆ ಯಾರೂ ಬೀಗ ಹಾಕೋದಿಲ್ಲ.

ಇಷ್ಟು ಹೇಳಿದ್ದು ಕೇಳಿ ನಾಳೆಯೇ ಎಲ್ಲರೂ ಓಡಿ ಬಿ.ಎ.ಗೆ ಸೇರಬೇಡಿ. ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿಯೋ ಕೆಲಸ ಅದಾಗಬಾರದು. ಎಂ.ಎ. ಮಾಡಿ, ನೆಟ್ ಪಾಸು ಮಾಡಿ, ಪಿಎಚ್.ಡಿ. ಕೂಡ ಮುಗಿಸಿ ಸರ್ಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ವರ್ಷದಿಂದ ವರ್ಷಕ್ಕೆ ಮುಂದುವರಿಸ್ತಾರೋ ಇಲ್ಲವೋ ಅಂತ ಎದೆ ಹಿಡಿದುಕೊಂಡು ಕೂತಿರೋ ಸಾವಿರಾರು ಜನರಲ್ಲಿ ನಮ್ಮವರೂ ಇದ್ದಾರೆ. ಅತಿಥಿ ಅಂತೆ! ಹತ್ತು ಹದಿನೈದು ವರ್ಷ ಮನೇಲಿ ದುಡಿಸಿಕೊಂಡು ಇನ್ನೂ ಅತಿಥಿ. ಕಾಯಂ ಹುದ್ದೆ ತುಂಬಿದರೆ ಮೀಸಲಾತಿ ಕೊಡಬೇಕಾಗುತ್ತೆ ಅನ್ನೋದೂ ಇದರ ಹಿಂದೆ ಇರೋ ಲೆಕ್ಕ ಅಂತ ನಾನು ನಂಬಿದ್ದೇನೆ. ಹೊರಗುತ್ತಿಗೆ ಅನ್ನೋದು ಕಚೇರಿಗಳಲ್ಲಿ ಮಾಡ್ತಿರೋದೂ ಇದನ್ನೇ.

ಹೆಣ್ಣುಮಕ್ಕಳ ವಿಷಯದಲ್ಲಂತೂ 'ಯಾವ ಡಿಗ್ರಿ ಒಳ್ಳೇದು' ಅನ್ನೋ ಪ್ರಶ್ನೆಯನ್ನು ಕೇಳೋಕೂ ಬಿಡೋದಿಲ್ಲ. ಹತ್ತಿರದ ಕಾಲೇಜಿನಲ್ಲಿ ಏನಿದೆಯೋ ಅದು, ಕತ್ತಲಾಗೋ ಮುಂಚೆ ಮನೆಗೆ ಬರೋ ಬಸ್ಸಿಗೆ ಹೊಂದೋದು ಯಾವುದೋ ಅದು. ಹೋಬಳಿಯ ಪಿ.ಯು. ಕಾಲೇಜಿನಲ್ಲಿ ಸೈನ್ಸ್ ಇಲ್ಲ ಅಂದ್ರೆ ಆ ಹುಡುಗಿಯ ಡಾಕ್ಟರ್ ಆಗೋ ಮಾತು ಹದಿನಾರನೇ ವಯಸ್ಸಿಗೇ ಮುಗೀತು. ಯಾರೂ ಅವಳನ್ನು ಬೇಡ ಅನ್ನಲಿಲ್ಲ, ಕಾಂಬಿನೇಷನ್ ಇರಲಿಲ್ಲ ಅಷ್ಟೆ. 2023ರ ಜೂನಿನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಮಾಫಿ ಆಯಿತು, ಸಂತೋಷ. ಬಸ್ಸೇ ಬಾರದ ಊರಿನವಳಿಗೆ ಅದರಿಂದ ಏನು? ನಮ್ಮ ಸಂಘಟನೆಗಳು ಪ್ರತಿಮೆಗೆ ಜಾಗ ಕೇಳುವಷ್ಟೇ ಗಟ್ಟಿಯಾಗಿ ಹೋಬಳಿ ಕಾಲೇಜಿಗೆ ಸೈನ್ಸ್ ವಿಭಾಗ ಕೇಳಬೇಕು. ಕೇಳ್ತಾ ಇಲ್ಲ. ಇದು ನನ್ನ ಸಿಟ್ಟು.

ಹಾಗಾದ್ರೆ ನಮ್ಮ ಕೊಳಗದಲ್ಲಿ ಅಳೆದರೆ ಯಾವುದು ತೂಕ? ಎರಡು ಓದುಗಳ ಹೆಸರು ಹೇಳ್ತೀನಿ. ಎರಡನ್ನೂ ನಮ್ಮ ಹುಡುಗರು ಕಡೆಗಣಿಸಿದ್ದಾರೆ.

ಒಂದು ಕಾನೂನು. ನಮ್ಮ ಅಪ್ಪ ಅಜ್ಜಂದಿರಿಗೆ ಸರ್ಕಾರ ಕೊಟ್ಟ ಜಮೀನು ಎರಡು ಚೀಲ ರಾಗಿಗೋ ಮದುವೆ ಸಾಲಕ್ಕೋ ಗೌಡರ ಪಾಲಾದದ್ದು ಊರೂರಿನ ಕಥೆ. ಅದನ್ನು ವಾಪಸ್ ಕೊಡಿಸೋಕೆ ರಾಜ್ಯದಲ್ಲಿ 1978ರ ಕಾಯ್ದೆ ಇದೆ. ಪಿ.ಟಿ.ಸಿ.ಎಲ್. ಅಂತಾರೆ. ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಬೇಕು, ಜಿಲ್ಲಾಧಿಕಾರಿ ಹತ್ತಿರ ಮೇಲ್ಮನವಿ. ಭೂಮಾಲೀಕರು ಕಾಯ್ದೆಯನ್ನೇ ಪ್ರಶ್ನೆ ಮಾಡಿದರು, 1984ರಲ್ಲಿ ಮಂಚೇಗೌಡ ಕೇಸಿನಲ್ಲಿ ಸುಪ್ರೀಂ ಕೋರ್ಟು ಕಾಯ್ದೆ ಸರಿ ಅಂತು. 2017ರಲ್ಲಿ ಅದೇ ಕೋರ್ಟು ಇನ್ನೊಂದು ಕೇಸಿನಲ್ಲಿ, ತುಂಬಾ ತಡವಾಗಿ ಬಂದ ಅರ್ಜಿ ಆಗೋದಿಲ್ಲ ಅಂತು. ಆಮೇಲೆ ನಮ್ಮವರ ಅರ್ಜಿಗಳು ಸಾಲಾಗಿ ಬಿದ್ದವು. ಹೋರಾಟ ಮಾಡಿದ್ದರಿಂದ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಕಾಲಮಿತಿ ಇಲ್ಲ ಅಂತ ಸೇರಿಸಿದರು. ಈಗ ಆ ತಿದ್ದುಪಡಿ ಇಟ್ಟುಕೊಂಡು ಉಪವಿಭಾಗಾಧಿಕಾರಿಯ ಕೋರ್ಟಿನಲ್ಲಿ ನಿಂತು ವಾದ ಮಾಡೋರು ಯಾರು? ತಾಲ್ಲೂಕಿನಲ್ಲಿ ನಮ್ಮ ಪರ ನಿಲ್ಲೋ ವಕೀಲ ಸಿಕ್ಕೋದು ಕಷ್ಟ. ಸಿಕ್ಕಿದವರೂ ಸಂಜೆ ಗೌಡರ ಮನೆಯ ಕಾಫಿ ಕುಡಿಯೋರೇ.

2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು ಅಂತ 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿ ಯಾಕೆ ತಿರುಗಿಬೀಳ್ತಾನೆ? ಅದೇ ಊರಲ್ಲಿ ಬದುಕಬೇಕು, ಅದೇ ಹೊಲಕ್ಕೆ ಕೂಲಿಗೆ ಹೋಗಬೇಕು. ಮೊದಲ ದಿನದಿಂದ ಅವನ ಬೆನ್ನಿಗೆ ನಿಂತು ಎಫ್.ಐ.ಆರ್. ಓದಿ, ಹೇಳಿಕೆ ಸರಿಯಾಗಿ ಬರೆಸಿ, ರಕ್ಷಣೆ ಕೇಳೋ ನಮ್ಮ ಹುಡುಗರು ಠಾಣೆಯಲ್ಲಿ ಬೇಕು. ಭಾಷಣ ಮಾಡೋರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಮಹಾಡ್ ಕೆರೆಯ ನೀರನ್ನು ಬಾಬಾಸಾಹೇಬರು 1927ರಲ್ಲಿ ಮುಟ್ಟಿದ್ದು ಎಲ್ಲರಿಗೂ ಗೊತ್ತು. ಆ ಕೆರೆಯ ಮೇಲೆ ಮೇಲ್ಜಾತಿಯವರು ಹೂಡಿದ ದಾವಾ ಬೊಂಬಾಯಿ ಹೈಕೋರ್ಟಿನಲ್ಲಿ ನಮ್ಮವರ ಪರ ಮುಗಿದದ್ದು 1937ರಲ್ಲಿ, ಹತ್ತು ವರ್ಷ ಕೋರ್ಟು ಅಲೆದ ಮೇಲೆ. ಆ ಹತ್ತು ವರ್ಷದ ಬಗ್ಗೆ ನಮ್ಮ ಸಭೆಗಳಲ್ಲಿ ಯಾರೂ ಮಾತಾಡೋದಿಲ್ಲ.

ಬಿ.ಎ.ಯೋ ಬಿ.ಕಾಂ.ಓ ಆದ ಮೇಲೆ ಮೂರು ವರ್ಷದ ಎಲ್‌ಎಲ್.ಬಿ. ಮಾಡಬಹುದು, ಪಿ.ಯು.ಸಿ. ಆದ ಮೇಲೆ ಐದು ವರ್ಷದ್ದೂ ಇದೆ. ರಾಜ್ಯದ ಕಾನೂನು ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯೋಕೆ ಅವಕಾಶ ಇದೆ. ಮುಗಿಸಿದ ಮೇಲೆ ಸೀನಿಯರ್ ವಕೀಲರ ಹತ್ತಿರ ಕಲಿಯೋ ಪರಿಶಿಷ್ಟರಿಗೆ ಸಮಾಜ ಕಲ್ಯಾಣ ಇಲಾಖೆಯ ತರಬೇತಿ ಭತ್ಯೆ ಇದೆ. ಮೊದಲ ನಾಲ್ಕೈದು ವರ್ಷ ವಕೀಲಿಯಲ್ಲಿ ದುಡ್ಡು ಹುಟ್ಟೋದಿಲ್ಲ, ಅದನ್ನು ಮುಚ್ಚಿಡೋದಿಲ್ಲ. ಮನೇಲಿ ಇನ್ನೊಬ್ಬರ ದುಡಿಮೆ ಇದ್ದವರು ಮುಂದೆ ಬನ್ನಿ.

ಎರಡನೇದು ಲೆಕ್ಕದ ಓದು. ಬಿ.ಕಾಂ., ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ. ಬಿ.ಕಾಂ. ಅಂದ್ರೆ ಶೆಟ್ಟರ ಅಂಗಡಿಯ ಲೆಕ್ಕ ಬರೆಯೋಕೆ ಅಂತ ನಮ್ಮ ಹುಡುಗರು ಮೂಗು ಮುರೀತಾರೆ. 2013ರಲ್ಲಿ ಕರ್ನಾಟಕದಲ್ಲಿ ಒಂದು ಕಾಯ್ದೆ ಬಂತು. ಯೋಜನೆಯ ಹಣದಲ್ಲಿ ಪರಿಶಿಷ್ಟ ಜಾತಿ ಪಂಗಡಗಳಿಗೆ ಜನಸಂಖ್ಯೆಯ ಪಾಲಿನಷ್ಟು, ಶೇಕಡಾ 24.1, ತೆಗೆದಿಡಬೇಕು ಅಂತ. ಒಳ್ಳೇ ಕಾಯ್ದೆ. ಆದರೆ ಅದರಲ್ಲೇ 7(ಡಿ) ಅಂತ ಒಂದು ಕಿಂಡಿ ಇತ್ತು. ಎಲ್ಲರಿಗೂ ಅಂತ ಮಾಡಿದ ರಸ್ತೆಗೂ ಸೇತುವೆಗೂ ನಮ್ಮ ಹಣ ಹಾಕಿ, ಪರಿಶಿಷ್ಟರೂ ಅದರ ಮೇಲೆ ನಡೀತಾರಲ್ಲ, ಇದೂ ಅವರ ಖರ್ಚೇ ಅಂತ ಭಾವಿಸಬಹುದಿತ್ತು. ಆ ಕಿಂಡಿ ಮುಚ್ಚಿದ್ದು 2023ರಲ್ಲಿ. ಹತ್ತು ವರ್ಷ ಆ ಕಿಂಡಿಯಲ್ಲಿ ಎಷ್ಟು ಹೋಯ್ತು ಅಂತ ಬಜೆಟ್ಟಿನ ಸಂಪುಟ ಬಿಡಿಸಿ ಸಾಲು ಸಾಲಾಗಿ ತೆಗೆಯಬಲ್ಲ ನಮ್ಮ ಹುಡುಗರು ಜಿಲ್ಲೆಗೆ ಎಷ್ಟು ಜನ? ಹಾಸ್ಟೆಲಿನ ಅನ್ನ ಸರಿಯಿಲ್ಲ ಅಂತ ತಟ್ಟೆ ಬಡಿಯೋದು ಎಲ್ಲರಿಗೂ ಬರುತ್ತೆ. ತಲೆಗೆ ತಿಂಗಳಿಗೆ ಎಷ್ಟು ಮಂಜೂರಾಗಿದೆ, ಟೆಂಡರು ಯಾರಿಗಾಯ್ತು, ಬೇಳೆ ಎಷ್ಟು ಬರಬೇಕಿತ್ತು ಎಷ್ಟು ಬಂತು ಅಂತ ಮಾಹಿತಿ ಹಕ್ಕಿನಲ್ಲಿ ಕಾಗದ ತೆಗೆಸಿ ಮುಂದಿಟ್ಟರೆ ವಾರ್ಡನ್ ಬಾಯಿ ಕಟ್ಟುತ್ತೆ. ಅದು ಬಿ.ಕಾಂ. ಮಾಡೋ ಕೆಲಸ. ಬಾಬಾಸಾಹೇಬರು ಮೊದಲು ಅರ್ಥಶಾಸ್ತ್ರಜ್ಞ, ಆಮೇಲೆ ಬ್ಯಾರಿಸ್ಟರು ಅನ್ನೋದು ನೀಲಿ ಕೋಟಿನ ಪ್ರತಿಮೆಗೆ ಹಾರ ಹಾಕೋರಿಗೆ ಮರೆತೇ ಹೋಗಿದೆ.

ಡಾಕ್ಟರಾಗೋರು ಆಗಲಿ, ಇಂಜಿನಿಯರಾಗೋರು ಆಗಲಿ, ಪದ್ಯ ಬರೆಯೋ ಚಪಲ ಇರೋರು ಕನ್ನಡ ಎಂ.ಎ. ಮಾಡಲಿ, ಆದ್ರೆ ಜೊತೆಗೆ ಅನ್ನಕ್ಕೆ ಒಂದು ದಾರಿ ಇಟ್ಟುಕೊಳ್ಳಲಿ. ಖಾಸಗಿ ಕಾಲೇಜಿನಲ್ಲಿ ಹೆಸರಿಲ್ಲದ ಕೋರ್ಸಿಗೆ ಅಮ್ಮನ ಓಲೆ ಅಡವಿಟ್ಟು ಸೇರೋರನ್ನು ಮಾತ್ರ ದಯವಿಟ್ಟು ತಡೀರಿ. ಸೇರೋ ಮೊದಲು ಆ ಕಾಲೇಜಿನಿಂದ ಹೋದ ವರ್ಷ ಪಾಸಾದ ನಮ್ಮವರಿಬ್ಬರನ್ನು ಹುಡುಕಿ ಮಾತಾಡಿಸಿ. ಬಣ್ಣದ ಬ್ರೋಷರಿನಲ್ಲಿ ಇಲ್ಲದ್ದು ಅವರ ಬಾಯಲ್ಲಿ ಸಿಗುತ್ತೆ.

ಅಡ್ಮಿಷನ್ ಮುಗಿಯೋವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಹಾಸ್ಟೆಲಿನ ಊಟದ ಹಾಲಿನಲ್ಲಿ ಸೀನಿಯರುಗಳು ಕೂತಿರ್ತಾರೆ. ಅಂಕಪಟ್ಟಿ, ಜಾತಿ ಮತ್ತು ಆದಾಯದ ಸರ್ಟಿಫಿಕೇಟು, ಬ್ಯಾಂಕ್ ಪಾಸ್‌ಬುಕ್ಕು ಜೊತೆಗೆ ತನ್ನಿ. ಅರ್ಜಿ ತುಂಬಿಸಿ ಕೊಡ್ತಾರೆ, ಸ್ಕಾಲರ್‌ಶಿಪ್ಪಿನ ಕಡೇ ದಿನಾಂಕ ಹೇಳ್ತಾರೆ. ತಂಗಿ ಇದ್ದವರು ಅವಳನ್ನೂ ಕರೆತನ್ನಿ, ಅವಳ ಪರವಾಗಿ ನೀವೇ ಬಂದು ಸಬ್ಜೆಕ್ಟು ಬರೆಸಿ ಹೋಗಬೇಡಿ.